ಎಂಟನೇ ಹಾಡು ಯಾರಿಗೆ?

ನಮ್ಮ ಸೋದರಮಾವನಿಗೆ ಸಂಗೀತ ಬರುವುದಿಲ್ಲ ಎಂದು ಊರೆಲ್ಲ ಹೇಳುತ್ತದೆ. ನಾನು ಒಪ್ಪುವುದಿಲ್ಲ. ಸಂಗೀತವೇನೋ ಬರಲು ತಯಾರಿರುತ್ತದೆ. ಇವರು ಬಾಯಿ ತೆಗೆದ ಕೂಡಲೇ ಅದು ಹೆದರಿ ಹರಪನಹಳ್ಳಿ ಬಸ್ಸು ಹತ್ತಿಬಿಡುತ್ತದೆ, ಅಷ್ಟೇ! ಇಂಥ ಮನುಷ್ಯ ಒಂದು ಇಡೀ ಪಾಪ್ ಆಲ್ಬಮ್ಮನ್ನು ಬಿಚ್ಚಿ, ಅದರ ಎಂಟು ಹಾಡುಗಳನ್ನು ನಮ್ಮ ಸುತ್ತಲಿನ ಐದು ತಾಲೂಕಿನ ಜನಕ್ಕೆ ಪ್ರಸಾದ ಹಂಚಿದ ಹಾಗೆ ಹಂಚಲು ಹೊರಟರು ಎಂದರೆ ನಂಬುತ್ತೀರಾ? ನಂಬಲೇಬೇಕು. ಅವರನ್ನು ಹಿಂದೆ ಕೂರಿಸಿಕೊಂಡು ಸ್ಕೂಟಿ ಓಡಿಸಿದವಳು ನಾನು. ಪೆಟ್ರೋಲು ನನ್ನದು, ಹಾಡು ಹಿಡಿದ ಮೊಬೈಲು ನನ್ನದು, ಹೋದ ಮರ್ಯಾದೆಯೂ ನನ್ನದೇ.

ಮಾಮಾನಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಅದರ ಸದ್ದಿನಲ್ಲಿ ಯಾರೂ ಮೆಲ್ಲಗೆ ಮಾತಾಡಲಾರರು. ಜೋಳ ತಂದವರು, ಗೋದಿ ತಂದವರು, ಸುಮ್ಮನೆ ಹರಟೆಗೆ ಬಂದವರು, ಎಲ್ಲರೂ ಕೂಗಲೇಬೇಕು. ಕೂಗಿದಾಗ ಮನುಷ್ಯನ ನಿಜವಾದ ದನಿ ಹೊರಗೆ ಬರುತ್ತದೆ ಎನ್ನುವುದು ಮಾಮಾನ ಸಿದ್ಧಾಂತ. "ಮೆತ್ತಗ ಮಾತಾಡೋ ಮಂದಿ ದನಿ ಎಲ್ಲಾ ಬಣ್ಣ ಬಳದಿದ್ದಿರ್ತೈತಿ ಯವ್ವಾ. ಕೂಗಿಸಿ ನೋಡಬೇಕು!" ಎನ್ನುತ್ತಾರೆ. ಶಾಲೆಯಲ್ಲಿ ಮಕ್ಕಳಿಗೆ ಮೆತ್ತಗೆ ಮಾತಾಡಿ ಎಂದು ದಿನವಿಡೀ ಕೂಗುವ ಟೀಚರಮ್ಮ ನಾನು. 

ಇನ್ನು ಆಲ್ಬಮ್ಮಿನ ವಿಷಯ. ಮಾಮಾನ ಮದುವೆಯಾದ ವರ್ಷ ಬಂದ ಕ್ಯಾಸೆಟ್ಟು ಅದು. ಮೇಲೆ ಜೀನ್ಸು ತೊಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತ ಹುಡುಗಿಯೊಬ್ಬಳ ಚಿತ್ರ, ಒಳಗೆ ಎಂಟು ಹಾಡು. ಆ ಹುಡುಗಿ ಆಮೇಲೆ ಎಲ್ಲಿ ಹೋದಳೋ! ಲೋಕ ಮರೆಯಿತು, ಮಾಮಾ ಮರೆಯಲಿಲ್ಲ. ಆದರೆ ಹೊಸ ಹೆಂಡತಿಗೆ ಕೇಳಿಸಲೆಂದು ಒಂದೇ ಸಮನೆ ಹಚ್ಚಿ ಹಚ್ಚಿ, ಟೇಪ್ ರೆಕಾರ್ಡರು ಆ ಕ್ಯಾಸೆಟ್ಟಿನ ರೀಲನ್ನು ತಿಂದುಬಿಟ್ಟಿತು. ಮಾಮಾ ತಲೆಯ ಮೇಲೆ ಕೈಹೊತ್ತು ಕೂತರಂತೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆ ಮೊದಲನೇ ಹಾಡನ್ನು ತಾನೇ ಎತ್ತಿದಳಂತೆ. ಎಂಟಕ್ಕೆ ಎಂಟೂ ಬಾಯಿಪಾಠ!

ಆದರೆ ಅತ್ತೆ ಹಾಡಿದ್ದು ಆ ಹುಡುಗಿಯ ಹಾಗಲ್ಲ. ನಮ್ಮತ್ತೆ ಸೋಬಾನದ ಹೆಣ್ಣುಮಗಳು. ಯಾರ ಮನೆಯ ಮದುವೆಯಾದರೂ ಅರಿಷಿಣ ಹಚ್ಚುವಾಗ ಮೊದಲ ಸೊಲ್ಲು ಎತ್ತಲು ಅವಳೇ ಬೇಕು. ಅವಳ ಬಾಯಲ್ಲಿ ಪಾಪ್ ಹಾಡುಗಳಿಗೆಲ್ಲ ಸೀರೆ ಉಡಿಸಿದಂತಾಯಿತು. ಕಾರಿನಲ್ಲಿ ಕೂತು ಎಲ್ಲಿಗೋ ಹೊರಟಿದ್ದ ಆ ಜೀನ್ಸಿನ ಹುಡುಗಿ, ಅತ್ತೆಯ ಹಾಡಿನಲ್ಲಿ ಹೂವಿನಹಡಗಲಿಗೆ ಮಲ್ಲಿಗೆ ತರಲು ಹೋದಳು! ಮಾಮಾ ಅಂದೇ ಬೆರಗಾಗಿ ಹೋದರು. "ಹಾಡು ಅಂದ್ರ ಅಂಗಿ ಇದ್ದಂಗ ನೋಡು. ಯಾರು ಹಾಕ್ಕೊಂಡ್ರ ಹೆಂಗ ಕಾಣ್ತೈತಿ ಅಂತ ಹಾಕಿಸೇ ನೋಡಬೇಕು."

ಅಂದು ಹತ್ತಿದ ಹುಚ್ಚು ಇಂದಿಗೂ ಇಳಿದಿಲ್ಲ. ಗಿರಣಿಗೆ ಯಾರೇ ಬರಲಿ, ಅವರ ದನಿಗೆ ಯಾವ ಹಾಡು ಹೊಂದುತ್ತದೆ ಎಂದು ಲೆಕ್ಕ ಹಾಕುವುದೇ ಕೆಲಸ. ಒಮ್ಮೆ ಒಬ್ಬರು ಹಿಟ್ಟು ತರಿಯಾಗಿದೆ ಎಂದು ಜಗಳಕ್ಕೆ ನಿಂತಿದ್ದರು. ಮಾಮಾ ಕಣ್ಣು ಮುಚ್ಚಿಕೊಂಡು ತಲೆದೂಗುತ್ತ ಕೇಳಿದರು. ಬೈಗುಳ ಮುಗಿದ ಮೇಲೆ ಕಣ್ಣು ಬಿಟ್ಟು, "ನಿಮಗ ಆರನೇ ಹಾಡು ರೀ. ಅನುಮಾನs ಇಲ್ಲ!" ಎಂದರು. ಆ ಮನುಷ್ಯ ತರಿ ಹಿಟ್ಟನ್ನೇ ಹೊತ್ತುಕೊಂಡು ಓಡಿದ. ಇನ್ನೊಂದು ಸಲ ಪಕ್ಕದ ಮನೆಯ ಎಮ್ಮೆ ಕೂಗಿದಾಗಲೂ ಮಾಮಾ ತುಸು ಯೋಚಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಈಗ್ಗೆ ಕೆಲವು ವರ್ಷಗಳ ಕೆಳಗೆ ಅತ್ತೆಯ ಗಂಟಲಲ್ಲಿ ಗಂಟು ಕಾಣಿಸಿಕೊಂಡು ಆಪರೇಷನ್ ಆಯಿತು. ಜೀವಕ್ಕೆ ಏನೂ ಆಗಲಿಲ್ಲ, ದನಿ ಹೋಯಿತು. ಪೂರ್ತಿ ಹೋಗಲಿಲ್ಲ, ಒಡೆಯಿತು. ಮನೆಗೆ ಬಂದ ಹೊಸದರಲ್ಲಿ ಯಾರೋ ನೆಂಟರು ಫೋನ್ ಮಾಡಿದರು. ಅತ್ತೆ "ಹಲೋ" ಎಂದಳು. ಆ ಕಡೆಯವರು, "ಅಣ್ಣಾರ, ಸ್ವಲ್ಪ ಅಕ್ಕಾರಿಗೆ ಫೋನ್ ಕೊಡ್ರಿ" ಎಂದರು. ಅತ್ತೆ ಸುಮ್ಮನೆ ಫೋನನ್ನು ಮಾಮಾನ ಕೈಗೆ ಕೊಟ್ಟು ಒಳಗೆ ಹೋದಳು. ಅಂದಿನಿಂದ ಅವಳು ಹಾಡುವುದಿರಲಿ, ಗಟ್ಟಿಯಾಗಿ ಕರೆಯುವುದನ್ನೂ ಬಿಟ್ಟಳು. ಊಟಕ್ಕೆ ಕರೆಯಬೇಕೆ? ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿಯುತ್ತಾಳೆ. ಸಿಟ್ಟು ಬಂತೆ? ಅದೇ ತಟ್ಟೆ, ಅದೇ ಸೌಟು, ಏಟು ಮಾತ್ರ ಜೋರು. ಓಣಿಯವರಿಗೆಲ್ಲ ಈಗ ಆ ತಟ್ಟೆಯ ಭಾಷೆ ಬರುತ್ತದೆ.

ಮೊನ್ನೆ ಮಾಮಾನ ಮಗಳಿಗೆ ಮದುವೆ ಗೊತ್ತಾಯಿತು. ಅರಿಷಿಣದ ದಿನ ಸೋಬಾನ ಯಾರು ಹೇಳಬೇಕು ಎಂಬ ಮಾತು ಬಂತು. ಅತ್ತೆ ಪಿಸುದನಿಯಲ್ಲಿ ಹೇಳಿದಳು, "ಹಿರೇಹಡಗಲಿ ಹೆಣ್ಮಕ್ಕಳನ್ನ ಕರಸ್ರಿ. ನನ್ನ ಕೇಳಬ್ಯಾಡ್ರಿ. ಶುಭಕಾರ್ಯದಾಗ ಒಡಕ ದನಿ ಯಾಕ?" ಮಗಳು ಅತ್ತು ಮಲಗಿದಳು. ಅವ್ವ ಹಾಡದ ಅರಿಷಿಣ ನನಗೆ ಬೇಡವೇ ಬೇಡ ಎಂದಳು. ಅತ್ತೆ ಜಗ್ಗಲಿಲ್ಲ.

ಮರುದಿನ ಭಾನುವಾರ, ನಾನಿನ್ನೂ ಚಹಾ ಕುಡಿದಿರಲಿಲ್ಲ, ಮಾಮಾ ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದರು.

"ಯವ್ವಾ, ಸ್ಕೂಟಿ ತಗಿ. ಆಲ್ಬಂ ಮಾಡೋಣು."

"ಯಾವ ಆಲ್ಬಂ ಮಾಮಾ?"

"ಅದs. ಎಂಟೂ ಹಾಡು, ಹೊಸ ಮಂದಿ. ಅರಿಷಿಣದ ದಿನ ಅಂಗಳದಾಗ ಹಚ್ಚಬೇಕು."

"ಎಂಟು ಮಂದಿ ಎಲ್ಲಿಂದ ತರ್ತೀರಿ?"

"ಏಳು ಮಂದಿ. ಎಂಟನೇದು ನಿಮ್ಮತ್ತೀದು."

"ಅತ್ತಿ ಹಾಡೂದಿಲ್ಲ ಅಂದಾಳಲ್ರೀ!"

"ಅದನ್ನ ಆಮ್ಯಾಲೆ ನೋಡೋಣಂತ. ಏಳು ಆಗ್ಲಿ ಮೊದ್ಲು."

ನನಗೆ ಸಿಟ್ಟು ಬಂತು. ದನಿ ಕಳೆದುಕೊಂಡು ಕೂತವಳ ಎದುರಿಗೆ ಹಾಡಿನ ಸಂತೆ ನೆರೆಸುತ್ತಾರಲ್ಲ, ಈ ಮನುಷ್ಯನಿಗೆ ಬುದ್ಧಿ ಇದೆಯೇ? ಹಾಗೆಂದು ಮುಖದ ಮೇಲೆ ಹೇಳಿಯೂ ಹೇಳಿದೆ. ಮಾಮಾ ಆಗಲೇ ಏಳು ಹಾಡುಗಳನ್ನು ಬರೆದುಕೊಂಡ ನೋಟ್‌ಬುಕ್ ಹಿಡಿದು ಸ್ಕೂಟಿ ಏರಿ ಕೂತಿದ್ದರು.

ಮೊದಲನೇ ಹಾಡು, ಪ್ರಿಯಕರನನ್ನು ಮೆಲ್ಲಗೆ, ನಾಚಿಕೊಂಡು ಕರೆಯುವ ಹಾಡು. ಇದು ಯಾರಿಗೆ ಹೋಯಿತು ಅಂತೀರಿ? ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳಿಗೆ ಜನ ಕರೆಯುವ ಏಜೆಂಟನಿಗೆ! "ಹರಪನಹಳ್ಳೀ, ದಾವಣಗೆರೀ, ಬರ್ರಿ ಬರ್ರಿ ಬರ್ರೀ!" ಎಂದು ಇಪ್ಪತ್ತು ವರ್ಷ ಕೂಗಿ ಅವನ ಗಂಟಲು ಹರಿದ ಗೋಣಿಚೀಲವಾಗಿತ್ತು. "ಕರಿಯೋದ್ರಾಗ ಇಂವನಷ್ಟು ಅನುಭವ ಯಾರಿಗೈತಿ ಹೇಳು?" ಎಂದರು ಮಾಮಾ. ಅವನಿಗೋ ಬಹಳ ಹುರುಪು. ನಿಂತ ಬಸ್ಸಿಗೆ ಒರಗಿ, ಕಣ್ಣು ಮುಚ್ಚಿ ಶುರುಮಾಡಿದ. ಹಾಡಿಗೆ ತಾಳ ಬೇಡವೇ? ಬಸ್ಸಿನ ತಗಡಿಗೆ ಅಂಗೈಯಿಂದ ಪಟಪಟ ಬಾರಿಸತೊಡಗಿದ. ಒಳಗಿದ್ದ ಡ್ರೈವರ್ ಅದನ್ನು ರೈಟ್ ಎಂದುಕೊಂಡು ಗಾಡಿ ಬಿಟ್ಟೇಬಿಟ್ಟ! ಕಂಡಕ್ಟರ್ ಚಹಾದ ಲೋಟ ಹಿಡಿದುಕೊಂಡೇ ಬಸ್ಸಿನ ಹಿಂದೆ ಓಡಿದ. ಒರಗಿಕೊಂಡಿದ್ದ ಗಾಯಕ ನೆಲದ ಮೇಲೆ. ಆದರೆ ಒಂದು ಮಾತು ಹೇಳಬೇಕು, ಬಿದ್ದರೂ ಪಲ್ಲವಿ ಬಿಡಲಿಲ್ಲ. ಆ ರೆಕಾರ್ಡಿಂಗಿನಲ್ಲಿ ಚರಣಕ್ಕೆ ಮುಂಚೆ "ಲೇ, ನಿಲ್ಸಲೇ, ನಿಲ್ಸಲೇ!" ಎಂಬ ಕಂಡಕ್ಟರನ ಆಲಾಪ ಈಗಲೂ ಇದೆ. ತೆಗೆದುಹಾಕೋಣ ಎಂದರೆ ಮಾಮಾ ಒಪ್ಪಲಿಲ್ಲ.

ಮೂರನೆಯದು ಎದೆ ಒಡೆದವರ ಹಾಡು. ಅದನ್ನು ಕೂಡ್ಲಿಗಿಯ ತರಕಾರಿ ಮಾರುಕಟ್ಟೆಯಲ್ಲಿ ಹರಾಜಿನ ಸವಾಲು ಕೂಗುವವರೊಬ್ಬರಿಗೆ ಒಪ್ಪಿಸಿದರು. ಬೆಳಗ್ಗಿನ ಟೊಮೆಟೊ ಮುಗಿಸಿ ಬಂದವರ ದನಿ ಕೇಳಬೇಕಿತ್ತು, ನಡುವೆ ನಡುವೆ ಕಟ್ಟಿ ಹೋಗಿ ಬರೀ ಗಾಳಿ ಬರುತ್ತಿತ್ತು. ಆದರೂ ಅವರು ಎದೆಯ ಮೇಲೆ ಕೈಯಿಟ್ಟುಕೊಂಡು, "ಈ ಮನಸ ಯಾರಿಗೆ ಕೊಡ್ಲೀ..." ಎಂದು ಎತ್ತಿದರು. ಎತ್ತಿದ್ದು ಹಾಡಿನ ಹಾಗೆಯೇ. ಏನು ಮಾಡುವುದು, ಬಾಯಿಗೆ ಅಭ್ಯಾಸವಾದದ್ದು ಬೇರೆ. "ಕೊಡ್ಲೀ" ಎಂದಾಗ ದನಿ ಏರಿತು, ತೋರುಬೆರಳು ತಾನೇ ಮೇಲಕ್ಕೆ ಹೋಯಿತು, "ಮನಸ ಒಂದ್ಸಾರಿ! ಮನಸ ಎರಡ್ಸಾರಿ!" ಹಿಂದೆ ಚೀಲದ ಮೇಲೆ ತೂಕಡಿಸುತ್ತಿದ್ದ ವ್ಯಾಪಾರಿಯೊಬ್ಬರು ಧಡಕ್ಕನೆ ಎದ್ದು ಕೈಯೆತ್ತಿ, "ನನಗಿರ್ಲಿ, ನನಗಿರ್ಲಿ!" ಎಂದರು. ಏನನ್ನು ಕೊಂಡೆ ಎಂದು ಆಮೇಲೆ ನನ್ನನ್ನೇ ಕೇಳಿದರು.

ತಂಬ್ರಹಳ್ಳಿಯ ಅಜ್ಜಿಯದು ಇನ್ನೊಂದೇ ಕಥೆ. ಅವರು ಮಾಮಾನಿಗೆ ದೂರದ ಸಂಬಂಧ. ಬಾಯಲ್ಲಿ ಒಂದೂ ಹಲ್ಲಿಲ್ಲ, ಮಾತಿಗಿಂತ ಉಸಿರೇ ಹೆಚ್ಚು. ಅವರಿಗೆ ಕೊಟ್ಟದ್ದು ಐದನೇ ಹಾಡು, ಫೋನ್ ಎತ್ತದ ಹುಡುಗನನ್ನು ನೆನೆದು ಹುಡುಗಿ ಕುಣಿಯುವ ಹಾಡು. ಅರ್ಥ ಗೊತ್ತಾಗದೆ ಹಾಡುವುದಿಲ್ಲ ಎಂದು ಅಜ್ಜಿ ಹಟ ಹಿಡಿದರು. ಮಾಮಾ ವಿವರಿಸಿದರು.

"ಅಂವ ಫೋನ್ ಎತ್ತವಲ್ಲ ಬೇ. ಅದಕ್ಕ ಈಕಿ ಸಂಕಟ ಪಡ್ತಾಳ."

"ಎತ್ತವಲ್ಲ ಅಂದ್ರ? ಆರಾಮ ಅದಾನೋ ಇಲ್ಲೋ? ಮನಿಗೆ ಹೋಗಿ ಕೇಳ್ಯಾಳೇನು?"

"ಹೋಗಿಲ್ಲ."

"ಮತ್ತ ಏನ್ ಮಾಡ್ಯಾಳ?"

"ಕುಣದಾಳ."

ಅಜ್ಜಿ ಮಾಮಾನನ್ನೇ ದಿಟ್ಟಿಸಿ ನೋಡಿದರು. "ಈಕೀದೂ ತಪ್ಪೈತಿ ಬಿಡು" ಎಂದು ತೀರ್ಪು ಕೊಟ್ಟು, ಆಮೇಲೆ ಆ ಇಡೀ ಹಾಡನ್ನು ಇಬ್ಬರಿಗೂ ಬೈಯುವ ಧಾಟಿಯಲ್ಲಿ ಹಾಡಿದರು. ಕೊನೆಯಲ್ಲಿ ಹುಡುಗನ ತಾಯಿಗೂ ಒಂದು ಸಾಲು ಸೇರಿಸಿದರು. ಸತ್ಯವಾಗಿ ಹೇಳುತ್ತೇನೆ, ಮೂಲ ಹಾಡಿಗಿಂತ ನನಗೆ ಇದೇ ಹಿಡಿಸಿತು.

ಹೀಗೇ ಸಾಗಿತು. ವರ್ಷವಿಡೀ ನೆಗಡಿ ಹಿಡಿದ ಹರಪನಹಳ್ಳಿಯ ಹೋಟೆಲ್ ಸಪ್ಲಾಯರು ಒಂದು ಹಾಡನ್ನು ಪೂರ್ತಿ ಮೂಗಿನಲ್ಲೇ ಮುಗಿಸಿದ. ಹಡಗಲಿಯಲ್ಲಿ ಮಲ್ಲಿಗೆ ಕಟ್ಟುವ ಅಕ್ಕ ಒಬ್ಬರು ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಹಾಡಿದರು. ದಾರ ಬಿಟ್ಟು ಹಾಡಿ ಎಂದರೆ, ದಾರವಿಲ್ಲದೆ ನನಗೆ ಹಾಡೇ ಬರುವುದಿಲ್ಲ ಎಂದರು! ಅಂತೂ ಒಂದರ ನಂತರ ಒಂದು, ಲೋಕದಲ್ಲಿ ಇಲ್ಲದ ಕರ್ಕಶ, ಬಿರುಕು, ಗೊಗ್ಗರು ದನಿಗಳೆಲ್ಲ ನನ್ನ ಮೊಬೈಲಿನಲ್ಲಿ ಬಂದು ಕೂತವು.

ನನ್ನ ತಾಳ್ಮೆ ಕೆಟ್ಟದ್ದು ಏಳನೇ ಹಾಡಿಗೆ. ಹಡಗಲಿಯಲ್ಲಿ ನನಗೆ ಪರಿಚಯದ ಸಂಗೀತದ ಮೇಡಂ ಒಬ್ಬರಿದ್ದಾರೆ. ಅವರು ಹಾಡಿದರೆ ಬೀದಿಯಲ್ಲಿ ಹೋಗುವವರು ನಿಲ್ಲುತ್ತಾರೆ. ಮದುವೆ ಮನೆಯ ಮಾತೆಂದು ಕೇಳಿ ತಾವೇ ಸಂತೋಷದಿಂದ ಮುಂದೆ ಬಂದರು, ಏಳನೆಯದನ್ನು ಹಾಡಿ ತೋರಿಸಿದರು. ನನ್ನ ಕಣ್ಣಲ್ಲಿ ನೀರು ಬಂತು. ಮಾಮಾ ಕೈಮುಗಿದು, "ಭಾಳ ಚಲೋ ಐತ್ರಿ ಮೇಡಂ ನಿಮ್ಮ ದನಿ" ಎಂದರು. ನನಗೆ ಸಮಾಧಾನವಾಯಿತು. ಹೊರಗೆ ಬಂದು ಸ್ಕೂಟಿ ಹತ್ತುತ್ತ, "ಬ್ಯಾಡ. ಬ್ಯಾರೆ ಹುಡುಕೋಣು" ಎಂದರು!

"ಯಾಕ ಮಾಮಾ? ಏನ್ ಕಡಿಮಿ ಆಗೇತಿ ಅವರಿಗೆ?"

"ಏನೂ ಕಡಿಮಿ ಇಲ್ಲ. ಅದಕ್ಕs ಬ್ಯಾಡ."

ಊರು ಮುಟ್ಟುವ ತನಕ ದಾರಿಯ ಒಂದು ಗುಂಡಿಯನ್ನೂ ನಾನು ತಪ್ಪಿಸಲಿಲ್ಲ. ಏಳನೇ ಹಾಡನ್ನು ಕೊನೆಗೆ, ಗಿರಣಿಯ ಜೋಳದ ಧೂಳು ತಿಂದು ತಿಂದು ಕೆಮ್ಮುವ ನಮ್ಮ ಗಿರಣಿಯ ಹಮಾಲಣ್ಣನೇ ಹಾಡಿದ. ಎರಡು ಸಾಲಿಗೊಮ್ಮೆ ಕೆಮ್ಮು. ಮಾಮಾನ ಮುಖದಲ್ಲಿ ಏನು ತೃಪ್ತಿ!

ಅರಿಷಿಣದ ದಿನ ಬಂತು. ಅಂಗಳದಲ್ಲಿ ಹಸೆ ಹಾಸಿ ಮಗಳನ್ನು ಕೂರಿಸಿದ್ದರು. ಹಿರೇಹಡಗಲಿಯ ಹೆಣ್ಣುಮಕ್ಕಳು ಒಂದು ಕಡೆ, ಓಣಿಯ ಹೆಣ್ಣುಮಕ್ಕಳು ಇನ್ನೊಂದು ಕಡೆ, ನಡುವೆ ತಂಬ್ರಹಳ್ಳಿಯ ಅಜ್ಜಿ. ಅತ್ತೆ ಮಾತ್ರ ಹೊರಗೆ ಬರಲಿಲ್ಲ. ಅಡುಗೆಮನೆಯ ಬಾಗಿಲ ಮರೆಯಲ್ಲಿ ಅರಿಷಿಣ ಕಲಸುತ್ತ ಕೂತಿದ್ದಳು. ಮಗಳು ತಲೆ ಎತ್ತಿರಲಿಲ್ಲ.

ಮಾಮಾ ಸ್ಪೀಕರು ತಂದಿಟ್ಟು ಆಲ್ಬಂ ಹಚ್ಚಿದರು. ಬಸ್ ಏಜೆಂಟ್ ಕರೆದ, ಕಂಡಕ್ಟರ್ ಓಡಿದ, ಸವಾಲಿನವರು ಮನಸ್ಸು ಹರಾಜಿಗಿಟ್ಟರು. ಅಂಗಳವೆಲ್ಲ ನಗು. ಅಜ್ಜಿ ತಮ್ಮ ಹಾಡು ಬಂದಾಗ, "ಯಾರ ಬೇ ಇಕಿ, ಚಂದ ಬೈತಾಳ!" ಎಂದರು. ಹೆಣ್ಣುಮಕ್ಕಳು ಬಿದ್ದು ಬಿದ್ದು ನಕ್ಕರು. ನಾನು ಮೆಲ್ಲಗೆ ಒಳಗೆ ಇಣುಕಿದೆ. ಅತ್ತೆಯ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ನೋಡಿದರೆ ನಗುತ್ತಿದ್ದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು!

ಏಳನೆಯದು ಕೆಮ್ಮಿ ಮುಗಿಯಿತು. ಮಾಮಾ ಸ್ಪೀಕರು ಆರಿಸಿ, ಹಸೆಯ ಮುಂದೆ ತಾವೇ ಬಂದು ನಿಂತರು. ಹೆಣ್ಣುಮಕ್ಕಳು ಮುಖ ಮುಖ ನೋಡಿಕೊಂಡರು. ಹಿರೇಹಡಗಲಿಯ ಹಿರಿಯರೊಬ್ಬರು, "ಅಯ್ಯ, ಗಂಡಸರು ಸೋಬಾನ ಹೇಳ್ತಾರೇನ್ರಿ?" ಎಂದರು. ಮಾಮಾ ಕೇಳಿಸಿಕೊಳ್ಳಲಿಲ್ಲ. ಸಂಗೀತವೇ ಹೆದರುವ ಆ ಗಂಟಲಿನಿಂದ, ಅತ್ತೆ ಕಟ್ಟಿದ್ದ ಸೋಬಾನದ ಧಾಟಿಯಲ್ಲೇ, ಎಂಟನೇ ಹಾಡು ಎತ್ತಿದರು. ಮನೆ ಬಿಟ್ಟು ಹೊರಟ ಹುಡುಗಿ ತಾಯಿಗೆ ಹೇಳುವ ಹಾಡು.

"ಹೊರಟೇನ ನಾನು, ಬಾಗಿಲ ತೆರೆದಿಡು..."

ಅಷ್ಟಕ್ಕೇ ನಿಲ್ಲಿಸಿ ಬಾಯಿ ಮುಚ್ಚಿಬಿಟ್ಟರು.

ಸೋಬಾನದಲ್ಲಿ ಒಂದು ಕಟ್ಟಳೆಯಿದೆ. ಒಬ್ಬರು ಎತ್ತಿದ ಸೊಲ್ಲನ್ನು ಇನ್ನೊಬ್ಬರು ಎತ್ತಿಕೊಂಡು ಮುಗಿಸಬೇಕು. ಅರಿಷಿಣಕ್ಕೆ ಕೂತ ಹುಡುಗಿಯ ಮುಂದೆ ಸೊಲ್ಲನ್ನು ಅರ್ಧಕ್ಕೆ ಬಿಡಬಾರದು, ಅದು ಅಪಶಕುನ. ಅದರಲ್ಲೂ ಈ ಸೊಲ್ಲು! ಹೊರಟೆ ಎಂಬಲ್ಲಿಗೆ ನಿಂತರೆ ಹೇಗೆ? ಹಿರೇಹಡಗಲಿಯವರಿಗೆ ಮುಂದಿನದು ಗೊತ್ತಿಲ್ಲ. ಓಣಿಯವರಿಗೂ ಗೊತ್ತಿಲ್ಲ. ಆ ಅರ್ಧ ಗೊತ್ತಿದ್ದವರು ಇಬ್ಬರೇ. ಒಬ್ಬರು ಬಾಯಿ ಬಿಗಿದು, ಕಂಬದ ಹಾಗೆ ನಿಂತಿದ್ದರು. ಅರಿಷಿಣ ಹಿಡಿದ ಕೈಗಳು ಮಗಳ ಕೆನ್ನೆಯ ಹತ್ತಿರವೇ ನಿಂತಿದ್ದವು. ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

"ಮುಗಸ್ರೀ!" ಎಂದು ನಾನೇ ಕೂಗಿದೆ. ಮಾಮಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವರ ಕಣ್ಣು ಅಡುಗೆಮನೆಯ ಬಾಗಿಲಲ್ಲಿತ್ತು.

ಅಲ್ಲಿ ಪಾತ್ರೆ ನೆಲಕ್ಕೆ ಕುಕ್ಕಿದ ಸದ್ದಾಯಿತು. ಮೊಣಕೈ ತನಕ ಅರಿಷಿಣ ಮೆತ್ತಿಕೊಂಡು ಅತ್ತೆ ಹೊರಗೆ ಬಂದಳು. ಮುಖ ಕೆಂಪಾಗಿತ್ತು.

"ಅರ್ಧಕ್ಕ ಬಿಡ್ತಾರೇನ್ರೀ? ಹಸಿ ಮ್ಯಾಲೆ ಕೂಸು ಕುಂತೈತಿ, ಬುದ್ಧಿ ಐತೇನ್ ನಿಮಗ?"

ಅದೇ ಉಸಿರಿನಲ್ಲಿ ಸೊಲ್ಲು ಎತ್ತಿಕೊಂಡಳು.

"ಹೊಳ್ಳಿ ಬರೂ ದಾರಿಗೆ ದೀಪ ಹಚ್ಚಿಡು..."

ದನಿ ಚೆನ್ನಾಗಿತ್ತು ಎಂದು ಸುಳ್ಳು ಹೇಳಲಾರೆ. ಜೋಳ ಹಾಕದೆ ತಿರುಗಿಸಿದ ಗಿರಣಿಯ ಹಾಗೆ ಒರಟಾಗಿತ್ತು. "ದೀಪ" ಎಂಬಲ್ಲಿ ಮೇಲೇರಬೇಕಿತ್ತು, ಏರಲಿಲ್ಲ, ಒಡೆಯಿತು. ಅತ್ತೆ ಒಂದು ಗಳಿಗೆ ಗಕ್ಕನೆ ನಿಂತಳು. ಅಷ್ಟರಲ್ಲಿ ತಂಬ್ರಹಳ್ಳಿಯ ಅಜ್ಜಿ ಹಲ್ಲಿಲ್ಲದ ಬಾಯಿಂದ "ದೀಪ ಹಚ್ಚಿಡು" ಎಂದು ಎತ್ತಿಕೊಂಡರು. ಅಜ್ಜಿಯ ಉಸಿರು ಸಾಲದಾದಾಗ ಹಿರೇಹಡಗಲಿಯವರು ಎತ್ತಿಕೊಂಡರು. ಅವರು ಬಿಟ್ಟಲ್ಲಿಂದ ಅತ್ತೆ ಮುಂದಿನ ಸೊಲ್ಲು ಹೇಳಿದಳು. ಹಾಡು ಪೂರ್ತಿಯಾಗುವ ತನಕ ಅವಳು ಒಳಗೆ ಹೋಗಲಿಲ್ಲ. ಮಗಳು ತಾಯಿಯ ಸೀರೆಯ ನೆರಿಗೆ ಗಟ್ಟಿಯಾಗಿ ಹಿಡಿದುಕೊಂಡು, ಅಳುತ್ತಲೇ ಅರಿಷಿಣ ಹಚ್ಚಿಸಿಕೊಂಡಳು.

ನನಗೂ ಅಳು ಬಂತು. ಅಳುತ್ತ ನಿಂತು ರೆಕಾರ್ಡ್ ಒತ್ತುವುದನ್ನೇ ಮರೆತುಬಿಟ್ಟಿದ್ದೆ. ಹೊರಗಿನ ಕಟ್ಟೆಯ ಮೇಲೆ ಕೂತಿದ್ದ ಮಾಮಾನ ಹತ್ತಿರ ಹೋಗಿ ಅಂಜುತ್ತ ಹೇಳಿದೆ.

"ಮಾಮಾ, ಎಂಟನೇದು ಹಿಡೀಲಿಲ್ಲ."

"ಬಿಡು ಯವ್ವಾ. ಇನ್ನ ದಿನಾ ಕೇಳೋದು ಐತಿ."

"ಒಂದ್ ಮಾತು ಕೇಳ್ತೀನಿ. ಆ ಸಂಗೀತದ ಮೇಡಂನ ಯಾಕ ಬ್ಯಾಡ ಅಂದ್ರಿ?"

ಮಾಮಾ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು.

"ಅಷ್ಟು ಚಂದ ದನಿ ಕೇಳಿಸಿಬಿಟ್ಟಿದ್ರ, ನಿಮ್ಮತ್ತಿ ಬಾಯಿ ತೆರೀತಿದ್ಲೇನು?"

ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ, ತಂಬ್ರಹಳ್ಳಿ. ಈ ಮನುಷ್ಯ ಒಡಕು ದನಿಗಳನ್ನೇ ಆರಿಸಿ ಆರಿಸಿ ತಂದದ್ದು ಯಾಕೆಂದು ನನಗೆ ಆಗ ತಿಳಿಯಿತು. ಅಷ್ಟರಲ್ಲಿ ಒಳಗಿನಿಂದ, ತಟ್ಟೆಯ ಸದ್ದಲ್ಲ, ಓಣಿಯ ತುದಿಗೂ ಕೇಳುವ ಹಾಗೆ ಅತ್ತೆಯ ದನಿಯೇ ಬಂತು.

"ಏನ್ರೀ! ಎಲ್ಲಿ ಕುಂತೀರಿ? ಉಣ್ಣಾಕ ಬರ್ರೀ!"